ಇರಾನಿನ ಬಾಗಿಲು, ಅಜ್ಜಾವರದ ತ್ಯಾಂಪಣ್ಣ

ಅಜ್ಜಾವರದ ತ್ಯಾಂಪಣ್ಣನ ಗಂಟಲು ಎಂಥದ್ದು ಎಂದು ಹೇಳಿದರೆ ಈಗಿನವರು ನಂಬುವುದು ಕಷ್ಟ. ಅವನು ಸುಳ್ಯ–ಸಂಪಾಜೆ ಸರ್ವಿಸ್ ಜೀಪು ಓಡಿಸುತ್ತಿದ್ದ ಕಾಲದಲ್ಲಿ ನೀವು ಸುಳ್ಯ ಪೇಟೆಯಲ್ಲಿ ನಿಂತಿರಬೇಕಿತ್ತು. “ಅರಂತೋಡು, ಕಲ್ಲುಗುಂಡಿ, ಸಂಪಾಜೆ! ಬನ್ನಿ ಬನ್ನಿ, ಜಾಗ ಉಂಟು!” ಎಂದು ಕೂಗಿದರೆ ಬಸ್ಸಿಗೆ ಕಾಯುತ್ತಿದ್ದವರೂ ಅರಿವಿಲ್ಲದೆ ಚೀಲ ಎತ್ತಿಕೊಳ್ಳುತ್ತಿದ್ದರು. ಜಾಗ ಎಲ್ಲಿತ್ತು, ಮಣ್ಣು! ಒಳಗೆ ಕಾಲಿಡಲು ಸಂದಿಲ್ಲ, ಹಿಂದೆ ಜನ ನೇತಾಡುತ್ತಿದ್ದಾರೆ, ಇವನದ್ದು ಮಾತ್ರ “ಇನ್ನೊಬ್ಬರು ಸುಧಾರಿಸ್ಬಹುದು ಮಾರಾಯ್ರೆ, ಸ್ವಲ್ಪ ಒಳಗೆ ಒಳಗೆ” ಎಂಬ ಒಂದೇ ರಾಗ. ಸರ್ವಿಸ್ ಜೀಪಿನ ಕಾಲ ಮುಗಿದ ಮೇಲೆ ಒಂದು ಪಿಕಪ್ ತೆಗೆದುಕೊಂಡು ಬಾಡಿಗೆಗೆ ಓಡಿಸುತ್ತಿದ್ದಾನೆ. ಗಂಟಲು ಮಾತ್ರ ಹಾಗೆಯೇ ಉಳಿದಿದೆ.

ಆ ಗಂಟಲಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಕಡೆ ತೀರಿಕೊಂಡವರಿಗೆ ಬಡಿಸುವ ಕ್ರಮ ಉಂಟಷ್ಟೆ. ಮನೆಯ ಒಳಕೋಣೆಯಲ್ಲಿ ದೀಪ ಹಚ್ಚಿ, ಮಣೆ ಇಟ್ಟು, ಬಾಳೆ ಎಲೆ ಹಾಕಿ, ಹೋದವರಿಗೆ ಪ್ರೀತಿಯಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರುತ್ತಾರೆ. ಆಮೇಲೆ ಮಾತಿಲ್ಲ, ನಗೆಯಿಲ್ಲ. ಒಬ್ಬ ಮನುಷ್ಯ ಉಂಡು ಏಳುವಷ್ಟು ಹೊತ್ತು ಸುಮ್ಮನೆ ಕೂರಬೇಕು. ಕೊನೆಗೆ ಒಬ್ಬರು ಬಾಗಿಲ ಹತ್ತಿರ ಹೋಗಿ, ಕೆಮ್ಮಿ, ಚಪ್ಪಾಳೆ ತಟ್ಟಿ, “ಹಿರಿಯರೇ, ಉಂಡಾಯ್ತಾ? ಬಾಗಿಲು ತೆಗೀತೇವೆ” ಎಂದು ಕರೆದು ಹೇಳಬೇಕು. ಹೇಳದೆ ಕೇಳದೆ ಬಾಗಿಲು ತೆಗೆದರೆ ಉಣ್ಣುವವರು ಬೆದರುತ್ತಾರೆ. ಕರೆಯದೆ ಬಿಟ್ಟರೆ ಇನ್ನೂ ಕಷ್ಟ, ಉಂಡವರು ಹೋಗದೆ ಮನೆಯಲ್ಲೇ ಉಳಿಯುತ್ತಾರೆ. ಕುಟುಂಬದ ಎಷ್ಟೋ ಮನೆಗಳಲ್ಲಿ ಈ ಕರೆಯುವ ಕೆಲಸಕ್ಕೆ ತ್ಯಾಂಪಣ್ಣನೇ ಆಗಬೇಕು. ಅವನು ಒಂದು ಸಲ ಕರೆದರೆ ಒಳಗಿದ್ದವರಿಗೆ ಮಾತ್ರವಲ್ಲ, ಪಯಸ್ವಿನಿಯ ಆಚೆ ದಡದ ಹಿರಿಯರಿಗೂ ಕೇಳುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಹೊಸದಾಗಿ ಹೋದವರಿಗೆ ಹೀಗೆ ಮೊದಲ ಸಲ ಬಡಿಸಿ ಕರೆದರೆ ಅವರು ಹಿರಿಯರ ಜೊತೆ ಸೇರಿದರು ಎಂದು ಲೆಕ್ಕ. ತ್ಯಾಂಪಣ್ಣನ ಮನೆತನದಲ್ಲಿ ಅಲ್ಲಿಂದ ಮುಂದೆ ಅವರ ಹೆಸರು ಹಿಡಿದು ಕರೆಯುವುದಿಲ್ಲ. ಹಾಲು ಕುಡಿಯುವ ಮಗುವೇ ಹೋಗಿರಲಿ, ಸೇರಿದ ಮೇಲೆ ಅದೂ ಹಿರಿಯರೇ. ಕರೆಯುವಾಗ ಹಾಗೆಯೇ ಕರೆಯಬೇಕು.

ಕಳೆದ ಮಳೆಗಾಲದಲ್ಲಿ ತ್ಯಾಂಪಣ್ಣನ ಒಬ್ಬಳೇ ಮಗಳು ಪೂಜಿತಾ ಜ್ವರ ಬಂದು ತೀರಿಕೊಂಡಳು. ಸುಳ್ಯದಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಊರಿನವರ ಜ್ವರಕ್ಕೆಲ್ಲ ಮಾತ್ರೆ ಎಣಿಸಿ ಕೊಟ್ಟವಳನ್ನು ಅವಳದೇ ಜ್ವರ ವಾರದೊಳಗೆ ಹೊತ್ತುಕೊಂಡು ಹೋಯಿತು. ಯಾರಿಗೆ ಬೈಯುವುದು, ಹೇಳಿ? ತ್ಯಾಂಪಣ್ಣ ಉತ್ತರಕ್ರಿಯೆಯ ಬೊಜ್ಜ ಮಾಡಿದ, ಬಂದವರಿಗೆ ಊಟ ಹಾಕಿಸಿದ, ಎಲ್ಲವನ್ನೂ ಕ್ರಮ ಪ್ರಕಾರ ಮುಗಿಸಿದ. ಬಾಗಿಲು ಹಾಕಿ ಬಡಿಸುವ ಕೆಲಸ ಒಂದನ್ನು ಮಾತ್ರ “ಆಮೇಲೆ ನೋಡುವ” ಎಂದು ತಳ್ಳಿದ. ದೀಪಾವಳಿಗೆ ಎಂದರು, ಆಗಲಿಲ್ಲ. ಸಂಕ್ರಾಂತಿಗೆ ಎಂದರು, ಬಾಡಿಗೆ ಉಂಟು ಎಂದ. ಅವನ ಹೊಟ್ಟೆಯೊಳಗಿನ ಸಂಗತಿ ಹೆಂಡತಿ ಸೀತುವಿಗೆ ಗೊತ್ತಿತ್ತು. ಬಡಿಸಿದರೆ ಕರೆಯಬೇಕು. ತಾನು ಎತ್ತಿ ಆಡಿಸಿದ ಹೆಣ್ಣನ್ನು ಹಿರಿಯರೇ ಎಂದು ಕರೆಯಬೇಕು. ಕರೆದ ಮೇಲೆ ಪೂಜಿ ಎನ್ನುವವಳು ಇಲ್ಲ.

ಮನೆಯಲ್ಲಿ ಸದ್ದು ಶುರುವಾದದ್ದು ಚಳಿಗಾಲದಲ್ಲಿ. ಮಧ್ಯಾಹ್ನ ಗಂಡ ಹೆಂಡತಿ ಉಣ್ಣಲು ಕೂತ ಹೊತ್ತಿಗೆ ಸರಿಯಾಗಿ ಪೂಜಿತಾಳ ಕೋಣೆಯಿಂದ ಮಣೆ ಎಳೆದ ಹಾಗೆ ಒಂದು ಸದ್ದು. ಒಮ್ಮೆ ಮಾತ್ರ. ಎಳೆದು, ಕೂತ ಹಾಗೆ. ಹೊಸ ತಾರಸಿ ಮನೆ, ಗ್ರಾನೈಟ್ ನೆಲ, ಆ ಕೋಣೆಯಲ್ಲಿ ಮಂಚವೂ ಕಪಾಟೂ ಬಿಟ್ಟರೆ ಮಣೆಯೇ ಇಲ್ಲ. ಮಣೆಯೆಲ್ಲ ಅಡಿಗೆಕೋಣೆಯಲ್ಲಿ.

“ಕೇಳಿತಾ?” ಎಂದಳು ಸೀತು, ಮೊದಲ ಸಲ.

“ಇಲಿ,” ಎಂದ ತ್ಯಾಂಪಣ್ಣ.

“ದಿನಾ ಊಟದ ಹೊತ್ತಿಗೇ ಬರುದಾ ಇಲಿ?”

“ಅದಕ್ಕೂ ಹೊಟ್ಟೆ ಇಲ್ವಾ? ಸುಮ್ನೆ ಉಣ್ಣು ನೀನು.”

ಸೀತು ಉಣ್ಣಲಿಲ್ಲ. ಹೆದರಿ ಬಿಟ್ಟದ್ದಲ್ಲ. ಬಾಗಿಲ ಆಚೆ ಒಬ್ಬಳು ಖಾಲಿ ನೆಲದ ಎದುರು ಕೂತಿದ್ದಾಳೆ ಎಂದು ಅನ್ನಿಸಿದ ಮೇಲೆ ತಾಯಿಯಾದವಳಿಗೆ ಅನ್ನ ಇಳಿಯುತ್ತದೆಯೇ? “ಬಡಿಸುವ ಮಾರಾಯ್ರೆ, ಎಷ್ಟು ದಿನ ಅಂತ ಅವಳನ್ನು ಹೀಗೆ ಕೂರಿಸುದು?” ಎಂದು ಕೇಳಿಕೊಂಡಳು. ತ್ಯಾಂಪಣ್ಣ ಕೈ ತೊಳೆದು ಪಿಕಪ್ ಹತ್ತಿ ಹೋದ. ಆಮೇಲೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದನ್ನೇ ಬಿಟ್ಟ. ಸುಳ್ಯದಲ್ಲಿ ಮಮ್ಮುವಿನ ಹೋಟೆಲಿನಲ್ಲಿ ಪರೋಟ ತಿಂದು ದಿನ ಕಳೆಯತೊಡಗಿದ.

ಅವನು ಒಂದು ಇರಾನಿನ ಸಿನೆಮಾ ನೋಡುವಂತಾದದ್ದು ಹೀಗೆ ಹೋಟೆಲಿನಲ್ಲಿ ಕೂತದ್ದರಿಂದಲೇ. ಕಾಲೇಜಿನಲ್ಲಿ ಪಾಠ ಮಾಡುವ ಶೈಲೇಶ್ ಮೇಷ್ಟ್ರು ಸುಳ್ಯದಲ್ಲಿ ಒಂದು ಸಿನೆಮಾ ಬಳಗ ಕಟ್ಟಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಪೇಟೆಯ ಒಂದು ಸಭಾಭವನದ ಮಾಳಿಗೆಯಲ್ಲಿ, ಹೊರದೇಶದ ಸಿನೆಮಾ. ಪುತ್ತೂರಿನಿಂದ ಪ್ರೊಜೆಕ್ಟರ್, ಪರದೆ ತರಬೇಕಿತ್ತು. ಹೋಟೆಲಿನಲ್ಲಿ ಸಿಕ್ಕಿದ ತ್ಯಾಂಪಣ್ಣನ ಪಿಕಪ್ ಗೊತ್ತು ಮಾಡಿಕೊಂಡು ಜೊತೆಗೆ ತಾವೂ ಹೊರಟರು.

“ಎಂತ ಸಿನೆಮಾ ಸರ್?” ಎಂದು ಕೇಳಿದ ತ್ಯಾಂಪಣ್ಣ, ವಾಪಸು ಬರುವಾಗ.

“ಇರಾನಿನದ್ದು.”

“ಫೈಟ್ ಉಂಟಾ?”

“ಇಲ್ಲ.”

“ಪದ್ಯ?”

“ಪದ್ಯವೂ ಇಲ್ಲ.”

“ಮತ್ತೆಂತ ಉಂಟು ಮಾರಾಯ್ರೆ?”

ಶೈಲೇಶ್ ಮೇಷ್ಟ್ರು ಸ್ವಲ್ಪ ಯೋಚನೆ ಮಾಡಿದರು. ಸುಳ್ಳು ಹೇಳುವ ಜನ ಅಲ್ಲ ಅವರು. “ಒಬ್ಬ ಮುದುಕ ಉಂಟು, ಒಂದು ಕತ್ತೆ ಉಂಟು, ಒಂದು ಬಾಗಿಲು ಉಂಟು,” ಎಂದರು.

“ಕತ್ತೆಯಾದ್ರೂ ಉಂಟಲ್ಲ,” ಎಂದ ತ್ಯಾಂಪಣ್ಣ. ಹೇಗೂ ಸಂಜೆ ಸಾಮಾನು ವಾಪಸು ಒಯ್ಯಬೇಕು, ಮನೆಗೆ ಹೋಗುವ ಮನಸ್ಸೂ ಇಲ್ಲ. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತ.

ಹೊರಗೆ ಸುಡುಬಿಸಿಲು. ಅಡಿಕೆ ಒಣಗಿಸುವ ಕಪ್ಪು ಟಾರ್ಪಾಲನ್ನು ಕಿಟಕಿಗಳಿಗೆ ಕಟ್ಟಿ ಕತ್ತಲೆ ಮಾಡಿದ್ದರು. ಒಳಗೆ ಸೆಕೆಯೋ ಸೆಕೆ. ಕಾಲೇಜಿನ ಮಕ್ಕಳು, ಬ್ಯಾಂಕಿನವರು, ಬೇಸಾಯದವರು, ಯಾರೋ ಹೇಳಿದ್ದು ಕೇಳಿ ಕುಟುಂಬ ಸಮೇತ ಬಂದವರು, ಎಲ್ಲ ಸೇರಿ ಸಭೆ ಮುಕ್ಕಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ನಿವೃತ್ತ ಸತ್ಯವತಿ ಟೀಚರ್. ಎರಡು ವರ್ಷದ ಹಿಂದೆ ಯಜಮಾನರನ್ನು ಕಳೆದುಕೊಂಡ ಮೇಲೆ ಪೇಟೆಯಲ್ಲಿ ಏನು ನಡೆದರೂ ಬಂದು ಕೂರುವವರು ಅವರು. ಸೌಂಡ್ಸಿನ ನೌಷಾದ್ ತನ್ನ ದೊಡ್ಡ ದೊಡ್ಡ ಬಾಕ್ಸುಗಳನ್ನು ಪರದೆಯ ಎರಡೂ ಬದಿಗೆ ನಿಲ್ಲಿಸಿದ್ದ.

ಸಿನೆಮಾ ಶುರುವಾಯಿತು. ಬೋಳು ಗುಡ್ಡ. ಮಣ್ಣಿನ ಮನೆ. ಮುದುಕನೊಬ್ಬ ಕತ್ತೆಯ ಮೇಲೆ ನೀರಿನ ಕೊಡ ಹೇರಿಕೊಂಡು ದೂರದಿಂದ ಬರುತ್ತಾನೆ. ಬರುತ್ತಾನೆ, ಬರುತ್ತಾನೆ, ಬರುತ್ತಲೇ ಇರುತ್ತಾನೆ. ಸುಳ್ಯದಿಂದ ನಡೆದುಕೊಂಡು ಹೊರಟಿದ್ದರೂ ಅಷ್ಟರಲ್ಲಿ ಅಜ್ಜಾವರ ಮುಟ್ಟಬಹುದಿತ್ತು. ಮನೆ ತಲುಪಿದವನು ಚಹಾ ಕಾಯಿಸಿದ. ರೊಟ್ಟಿ ಸುಟ್ಟ. ತಟ್ಟೆಯಲ್ಲಿ ರೊಟ್ಟಿ, ಗಾಜಿನ ಲೋಟದಲ್ಲಿ ಚಹಾ ಇಟ್ಟುಕೊಂಡು ಒಂದು ಕೋಣೆಯ ಒಳಗೆ ಹೋದ. ಬರಿಗೈಯಲ್ಲಿ ಹೊರಗೆ ಬಂದು ಬಾಗಿಲು ಎಳೆದುಕೊಂಡ. ಗೋಡೆಗೆ ಒರಗಿ ನೆಲದ ಮೇಲೆ ಕೂತ. ಒಳಗೆ ಯಾರಿದ್ದಾರೆ, ಏನು ಕತೆ, ಒಂದು ಮಾತಿಲ್ಲ. ಮರುದಿನ ಮತ್ತೆ ಕತ್ತೆ, ಮತ್ತೆ ನೀರು, ಮತ್ತೆ ಚಹಾ, ಮತ್ತೆ ಬಾಗಿಲು.

ಮೊದಲು ಮೊಬೈಲುಗಳು ಬೆಳಗಿದವು. ಆಮೇಲೆ ಕುರ್ಚಿಗಳು ಕಿರುಗುಟ್ಟಿದವು. “ಕರೆಂಟ್ ಹೋಗಿ ಪಿಚ್ಚರ್ ಸ್ಟ್ರಕ್ ಆದ್ದಾ?” ಎಂದು ಒಬ್ಬ ಕೇಳಿದ, ಒಂದಷ್ಟು ಜನ ನಕ್ಕರು. “ಇಲ್ಲ, ಕತ್ತೆಯ ಬಾಲ ಆಡ್ತಾ ಉಂಟು ನೋಡು” ಎಂದು ಇನ್ನೊಬ್ಬ. ನೌಷಾದನಿಗೆ ಬೇರೆಯದೇ ಸಂಕಟ. ಯಕ್ಷಗಾನದ ಚೆಂಡೆಗೆ ನಡುಗುವ ಬಾಕ್ಸು, ಇಲ್ಲಿ ಗಾಳಿಯ ಸುಯ್ಯೆಂಬ ಸದ್ದು ಬಿಟ್ಟರೆ ಏನೂ ಇಲ್ಲ. “ನನ್ನ ಬಾಕ್ಸಿಗೆ ಮರ್ಯಾದೆ ಉಂಟಾ ಸರ್ ಇದರಲ್ಲಿ?” ಎಂದು ಗೊಣಗಿ ಅವನು ಹೊರಬಾಗಿಲ ಹತ್ತಿರ ಹೋಗಿ ನಿಂತ. ಕುಟುಂಬ ಸಮೇತ ಬಂದವರು ಮಕ್ಕಳನ್ನು ಎತ್ತಿಕೊಂಡು ಇಳಿದರು. ಬ್ಯಾಂಕಿನವರು ಸಭ್ಯರು, ಫೋನ್ ಬಂದವರ ಹಾಗೆ ಕಿವಿಗೆ ಕೈ ಇಟ್ಟುಕೊಂಡು ಹೋದರು. ಅರ್ಧ ಸಭೆ ಖಾಲಿಯಾಯಿತು.

ತ್ಯಾಂಪಣ್ಣ ಕೂತೇ ಇದ್ದ. ಅವನಿಗೆ ಬೇಸರವೂ ಬಂದಿರಲಿಲ್ಲ, ಸಂತೋಷವೂ ಆಗಿರಲಿಲ್ಲ. ಬೇರೆಯವರಿಗೆ ಅದು ಒಂದು ಬಾಗಿಲು. ತ್ಯಾಂಪಣ್ಣನಿಗೆ, ಮುದುಕ ಬರಿಗೈಯಲ್ಲಿ ಹೊರಗೆ ಬಂದ ಕ್ಷಣವೇ ಎಲ್ಲ ಗೊತ್ತಾಗಿ ಹೋಗಿತ್ತು. ‘ಬಡಿಸಿದ್ದಾನೆ’ ಎಂದುಕೊಂಡ. ಭಾಷೆ ಯಾವುದೋ, ದೇಶ ಯಾವುದೋ, ನೀರಿಗೂ ಗತಿಯಿಲ್ಲದ ಆ ಗುಡ್ಡದಲ್ಲಿ ಒಬ್ಬ ಅಪ್ಪ ಯಾರಿಗೋ ಬಡಿಸಿ ಹೊರಗೆ ಕೂತಿದ್ದಾನೆ. ಆದರೆ ಈ ಮುದುಕ ಒಂದು ತಪ್ಪು ಮಾಡುತ್ತಿದ್ದ. ಕರೆಯುತ್ತಿರಲಿಲ್ಲ. ದಿನಾ ಬಡಿಸುತ್ತಾನೆ, ದಿನಾ ಕೂರುತ್ತಾನೆ, ಎದ್ದು ಕರೆಯುವುದಿಲ್ಲ.

ಕೊನೆಗೆ ಪರದೆಯ ಮೇಲೆ ಬಾಗಿಲು ಒಂದೇ ಉಳಿಯಿತು. ಮುದುಕ ಕಾಣುವುದಿಲ್ಲ, ಕತ್ತೆ ಕಾಣುವುದಿಲ್ಲ. ಬಿರುಕು ಬಿಟ್ಟ ಮರದ ಬಾಗಿಲು, ಅದರ ಮೇಲೆ ನಿಧಾನಕ್ಕೆ ಇಳಿಯುವ ಬಿಸಿಲು. ಸಭೆಯಲ್ಲಿ ಸದ್ದಿಲ್ಲ. ಎಷ್ಟೋ ಹೊತ್ತಾಯಿತು. ಒಬ್ಬ ಮನುಷ್ಯ ಉಂಡು, ಬೆರಳು ನೆಕ್ಕಿ, ನೀರು ಕುಡಿದು ಏಳುವಷ್ಟು ಹೊತ್ತು ಕಳೆದೇ ಹೋಯಿತು. ತ್ಯಾಂಪಣ್ಣನ ಕಾಲು ತಾನಾಗಿ ಆಡತೊಡಗಿತು. ‘ಕರಿ ಮಾರಾಯ, ಒಳಗೆ ಕಾಯ್ತಾ ಉಂಟು, ಕರಿ’ ಎಂದು ಮನಸ್ಸಿನೊಳಗೇ ಬಡಕೊಂಡ. ಮುದುಕ ಕರೆಯಲಿಲ್ಲ.

ತ್ಯಾಂಪಣ್ಣ ಎದ್ದು ನಿಂತ. ಎದ್ದದ್ದು ಅವನಿಗೆ ಗೊತ್ತಿಲ್ಲ. ಕೆಮ್ಮಿದ. ಚಪ್ಪಾಳೆ ತಟ್ಟಿದ. ಸಂಪಾಜೆ ಘಾಟಿಗೆ ಕೇಳುವ ಆ ಗಂಟಲಿನಲ್ಲಿ “ಉಂಡಾಯ್ತಾ? ಬಾಗಿಲು ತೆಗೀತೇವೆ!” ಎಂದು ಕೂಗಿಬಿಟ್ಟ.

ಬಾಗಿಲು ತೆರೆಯಿತು.

ಧಡಾರೆಂದು ಅಲ್ಲ. ಒಳಗಿನಿಂದ ಯಾರೋ ಅಗಳಿ ಸರಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಸಂದು ಬಿಟ್ಟಿತು. ಒಳಗೆ ಕತ್ತಲೆ, ಕತ್ತಲೆಯಲ್ಲಿ ಒಂದು ತಟ್ಟೆ. ತಟ್ಟೆಯ ರೊಟ್ಟಿ ಇಟ್ಟ ಹಾಗೆಯೇ ಇತ್ತು, ಒಣಗಿ ಅಂಚು ಮೇಲೆದ್ದಿತ್ತು. ಚಹಾದ ಮೇಲೆ ಕೆನೆ ಕಟ್ಟಿತ್ತು. ಯಾರೂ ಮುಟ್ಟಿರಲಿಲ್ಲ. ಆಮೇಲೆ ಪರದೆ ಕಪ್ಪಾಗಿ ಅರಬ್ಬಿ ಲಿಪಿಯಲ್ಲಿ ಹೆಸರುಗಳು ಬಂದವು. ಲೈಟು ಹಾಕಿದರು. ಉಳಿದ ಜನರೆಲ್ಲ ತಿರುಗಿ ತ್ಯಾಂಪಣ್ಣನನ್ನೇ ನೋಡುತ್ತಿದ್ದರು.

ಕೆಳಗೆ ಮಮ್ಮುವಿನ ಹೋಟೆಲಿನಲ್ಲಿ ಚಹಾಕ್ಕೆ ಸೇರಿದರು. ಪ್ರತಿ ತಿಂಗಳೂ ಸಿನೆಮಾದ ಬಗ್ಗೆ ಚರ್ಚೆ ನಡೆಯುವುದು ಅಲ್ಲಿಯೇ. ಚರ್ಚೆಯೆಂದರೆ ಶೈಲೇಶ್ ಮೇಷ್ಟ್ರು ಹೇಳುವುದು, ಉಳಿದವರು ಬಿಸ್ಕುಟು ಅದ್ದುವುದು. ಆ ದಿನ ಹಾಗಾಗಲಿಲ್ಲ.

“ಟೈಮ್ ವೇಸ್ಟ್ ಸರ್, ಬೇಜಾರು ಮಾಡ್ಬೇಡಿ,” ಎಂದು ನೌಷಾದ್ ಶುರು ಮಾಡಿದ. “ಒಂದು ಬಾಗಿಲು ನೋಡ್ಲಿಕ್ಕೆ ಇಷ್ಟೆಲ್ಲ ವಯರ್ ಎಳೀಬೇಕಿತ್ತಾ? ನಮ್ಮ ಮನೆದ್ದೇ ತೋರಿಸ್ತಿದ್ದೆ, ಅದಾದ್ರೂ ಪೇಂಟ್ ಉಂಟು.”

ಅವನ ಕಡೆಯವರು ಹೋ ಎಂದು ನಕ್ಕರು. ತನ್ಮಯೀ ಎಂಬ ಬಿ.ಎ. ಓದುವ ಹುಡುಗಿಗೆ ಸಿಟ್ಟು ಬಂತು. “ಅಣ್ಣ, ಆ ಬಾಗಿಲು ಕೊನೆವರೆಗೂ ತೆರೀಲಿಲ್ಲ ಅಲ್ವಾ, ಅದೇ ಇಡೀ ಸಿನೆಮಾ. ನಾನು ಇಷ್ಟು ಒಳ್ಳೆ ಸಿನೆಮಾ ನೋಡಿಯೇ ಇಲ್ಲ,” ಎಂದಳು.

“ತೆರೀಲಿಲ್ವಾ?” ಎಂದರು ಸತ್ಯವತಿ ಟೀಚರ್.

“ಇಲ್ಲ ಟೀಚರ್.”

“ಎಂತ ಹೇಳ್ತಿ ಮಗು? ಇವರು ಕೂಗಿದ ಕೂಡ್ಲೆ ತೆರೀತಲ್ಲ. ನಾನು ಎದುರೇ ಕೂತದ್ದು. ತಟ್ಟೆ ಕಂಡಿತು.”

ನಗುತ್ತಿದ್ದವರು ನಿಲ್ಲಿಸಿದರು. ಬೇಸಾಯದವರಲ್ಲಿ ಇಬ್ಬರು, ಮಾತಾಡುವ ಜನವೇ ಅಲ್ಲ, “ಹೌದು, ತೆರೀತು” ಎಂದು ತಲೆ ಆಡಿಸಿದರು. ಹೊರಬಾಗಿಲ ಹತ್ತಿರ ನಿಂತಿದ್ದ ನೌಷಾದ್ ಮಾತ್ರ ದೇವರಾಣೆ ಹಾಕಿದ, ತಾನು ಕಣ್ಣು ಮಿಟುಕಿಸದೆ ನೋಡಿದ್ದೇನೆ, ಬಾಗಿಲು ಕೂದಲೆಳೆಯಷ್ಟೂ ಅಲುಗಿಲ್ಲ ಎಂದ. ಕಾಲೇಜಿನ ಮಕ್ಕಳಲ್ಲಿ ಒಬ್ಬರಿಗೂ ತೆರೆದದ್ದು ಕಂಡಿರಲಿಲ್ಲ. ಸಿನೆಮಾ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಅಲ್ಲಿಗೆ ಬಿಟ್ಟುಹೋಯಿತು. ಒಂದೇ ಪರದೆ, ಒಂದೇ ಹೊತ್ತು, ಕೆಲವರಿಗೆ ತೆರೆದ ಬಾಗಿಲು ಉಳಿದವರಿಗೆ ಮುಚ್ಚಿಯೇ ಇತ್ತು.

“ಇದಕ್ಕೆಂತ ಜಗಳ? ಪುನಃ ಹಾಕಿ ನೋಡುವ,” ಎಂದು ಶೈಲೇಶ್ ಮೇಷ್ಟ್ರು ಚಹಾದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದರು. ಎಲ್ಲರೂ ಬಗ್ಗಿದರು. ಬಾಗಿಲು ಬಂತು. ಬಿಸಿಲು ಇಳಿಯಿತು. ಗಾಳಿ ಬೀಸಿತು. ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೆಯೇ ಇರುವಾಗ ಪರದೆ ಕಪ್ಪಾಗಿ ಹೆಸರುಗಳು ಬಂದವು. ಮೇಷ್ಟ್ರು ಹಿಂದೆ ಎಳೆದು ಮತ್ತೆ ಹಾಕಿದರು. ಆಗಲೂ ಅಷ್ಟೇ.

“ನೋಡಿ, ನಾನು ಹೇಳಿದ್ದಲ್ವಾ?” ಎಂದ ನೌಷಾದ್. ಗೆದ್ದವನ ದನಿಯಲ್ಲಿ ಹೇಳಲು ಹೊರಟದ್ದು ಅರ್ಧದಲ್ಲಿ ತಗ್ಗಿತು. ಸತ್ಯವತಿ ಟೀಚರರ ಮುಖ ನೋಡಿದ್ದ.

ಟೀಚರ್ ತ್ಯಾಂಪಣ್ಣನ ಕಡೆ ತಿರುಗಿದರು. “ನಿಮಗೆ ಕಂಡಿತಲ್ಲ?”

“ಕಂಡಿತು.”

“ತಟ್ಟೆ ಖಾಲಿ ಇತ್ತಲ್ಲ? ಚೊಕ್ಕ ಮಾಡಿ ಉಂಡಿದ್ದರು. ನಮ್ಮವರೂ ಹಾಗೆಯೇ, ಒಂದು ಅಗುಳು ಬಿಡುತ್ತಿರಲಿಲ್ಲ.” ಟೀಚರರ ಕಣ್ಣು ತುಂಬಿತ್ತು, ಆದರೆ ಮುಖದಲ್ಲಿ ನೆಮ್ಮದಿ ಇತ್ತು. ಅವರು ಗಂಡನ ತಿಥಿ, ಮಾಸಿಕ ಎಲ್ಲವನ್ನೂ ಹೊತ್ತು ಹೊತ್ತಿಗೆ ಮಾಡಿಸಿದವರು. ಬೇಸಾಯದ ಇಬ್ಬರೂ ಖಾಲಿ ತಟ್ಟೆಯನ್ನೇ ನೋಡಿದ್ದರು. ಒಬ್ಬರಿಗೆ ಹೋದ ವರ್ಷ ತಾಯಿ ಹೋಗಿದ್ದರು, ಇನ್ನೊಬ್ಬರಿಗೆ ತಮ್ಮ. ಇಬ್ಬರೂ ಬಡಿಸಿ ಮುಗಿಸಿದವರು.

ಹಾಗಾದರೆ ಮುಟ್ಟದ ತಟ್ಟೆ ಕಂಡದ್ದು ಇಷ್ಟು ಜನರಲ್ಲಿ ತ್ಯಾಂಪಣ್ಣನೊಬ್ಬನಿಗೆ ಮಾತ್ರ! ಒಣಗಿದ ರೊಟ್ಟಿ, ಕೆನೆ ಕಟ್ಟಿದ ಚಹಾ. ಅವನು ಚಹಾದ ಗ್ಲಾಸು ಕೆಳಗಿಟ್ಟು ಎದ್ದ.

“ತ್ಯಾಂಪಣ್ಣ, ಪ್ರೊಜೆಕ್ಟರ್ ವಾಪಸು ಪುತ್ತೂರಿಗೆ...” ಎಂದರು ಶೈಲೇಶ್ ಮೇಷ್ಟ್ರು.

“ನಾಳೆ ಒಯ್ಯುವ ಸರ್. ಇವತ್ತು ನನ್ನಿಂದ ಆಗುದಿಲ್ಲ. ಮನೆಯಲ್ಲಿ ಊಟ ಬಾಕಿ ಉಂಟು.”

ಮನೆಗೆ ಬಂದಾಗ ಸೀತು ಅಂಗಳದಲ್ಲಿ ಒಣಗಿದ ಬಟ್ಟೆ ಹೆಕ್ಕುತ್ತಿದ್ದಳು. ಗಂಡ ಹೊತ್ತಲ್ಲದ ಹೊತ್ತಿಗೆ ಬಂದದ್ದು ಕಂಡು ಗಾಬರಿಯಾದಳು. ಅವರ ಮನೆಮಾತು ಅರೆಭಾಷೆ, ನಾನು ಎಲ್ಲರಿಗೂ ತಿಳಿಯುವ ಹಾಗೆ ಹೇಳುತ್ತಿದ್ದೇನೆ. ತ್ಯಾಂಪಣ್ಣ ಚಪ್ಪಲಿಯನ್ನೂ ಬಿಚ್ಚದೆ ಕೇಳಿದ್ದು ಒಂದೇ ಮಾತು: “ಇವತ್ತೂ ಸದ್ದಾಯ್ತಾ?”

“ಆಗದೆ ಎಂತ? ದಿನಾ ಆಗ್ತದೆ. ನೀವು ಇರುದಿಲ್ಲ, ಅಷ್ಟೆ. ನಾನೊಬ್ಬಳೇ ಕೇಳುದು.”

“ಏನೂ ತಿನ್ಲಿಲ್ಲ ಸೀತು ಅವಳು,” ಎಂದ ತ್ಯಾಂಪಣ್ಣ. “ನಾನು ಕೂರಿಸಿ ಇಟ್ಟುಬಿಟ್ಟೆ. ಹಸಿದುಕೊಂಡು ಕೂತಿದ್ದಾಳೆ.”

ಎಲ್ಲಿ ನೋಡಿದಿರಿ, ಯಾರು ಹೇಳಿದರು ಎಂದು ಸೀತು ಕೇಳಲಿಲ್ಲ. ಬಟ್ಟೆಯ ರಾಶಿಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, “ನಾಡಿದ್ದು ಅಮಾವಾಸ್ಯೆ” ಎಂದಳು.

ಅಮಾವಾಸ್ಯೆಯ ದಿನ ಬೇರೆ ಯಾರನ್ನೂ ಕರೆಯಲಿಲ್ಲ. ಕರೆದಿದ್ದರೆ ಬರುವವರು ಬೇಕಷ್ಟಿದ್ದರು, ತ್ಯಾಂಪಣ್ಣನಿಗೆ ಬೇಡವಾಗಿತ್ತು. ಸೀತು ಬೆಳಿಗ್ಗೆ ಎದ್ದು ಅಕ್ಕಿ ಉಂಡೆಯ ಪುಂಡಿ ಬೇಯಿಸಿದಳು, ಊರ ಕೋಳಿಯ ಸಾರು ಮಾಡಿದಳು, ಒಣ ಸಿಗಡಿಯ ಚಟ್ನಿ ಅರೆದಳು. ತ್ಯಾಂಪಣ್ಣ ಸುಳ್ಯಕ್ಕೆ ಹೋಗಿ ಬೇಕರಿಯಿಂದ ಎಗ್ ಪಫ್ಸ್ ತಂದ. ಹಿರಿಯರಿಗೆ ಬಡಿಸುವ ಎಲೆಯಲ್ಲಿ ಎಗ್ ಪಫ್ಸ್ ಕಂಡಿದ್ದರೆ ಕುಟುಂಬದ ದೊಡ್ಡವರು ಏನು ಹೇಳುತ್ತಿದ್ದರೋ! ಹೇಳಲಿ, ಉಣ್ಣುವವಳಿಗೆ ಅದೇ ಪ್ರೀತಿ. ಅವಳ ಕೋಣೆ ಗುಡಿಸಿ, ದೀಪ ಹಚ್ಚಿ, ಮಣೆ ಇಟ್ಟು, ಎಲೆ ಹಾಕಿ, ಇಬ್ಬರೂ ಸೇರಿ ಬಡಿಸಿದರು. ಲೋಟದಲ್ಲಿ ನೀರು ತುಂಬಿಸಿದರು. ತ್ಯಾಂಪಣ್ಣ ಬಾಗಿಲು ಎಳೆದುಕೊಂಡ.

ಆ ಕೋಣೆಯ ಬಾಗಿಲು ಜಗಲಿಗೇ ತೆರೆಯುವುದು. ಜಗಲಿಯಿಂದ ಅಂಗಳಕ್ಕೆ ಇಳಿಯುವ ಮೆಟ್ಟಿಲ ಮೇಲೆ ಗಂಡ ಹೆಂಡತಿ ಕೂತರು. ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಒಂದು ಬೈಕಿಲ್ಲ, ತೋಟದಲ್ಲಿ ಒಂದು ಹಕ್ಕಿ ಕೂಗುತ್ತಿಲ್ಲ. ಪಕ್ಕದ ಮನೆಯ ನಾಯಿ ಗೇಟಿನವರೆಗೆ ಬಂದು, ಕೋಣೆಯ ಬಾಗಿಲ ಕಡೆಗೊಮ್ಮೆ ನೋಡಿ, ಬಾಲ ಆಡಿಸಿ, ಬಂದ ದಾರಿಯಲ್ಲೇ ತಿರುಗಿ ಹೋಯಿತು. ಬಾಲ ಆಡಿಸಿದ್ದನ್ನು ಇಬ್ಬರೂ ನೋಡಿದರು. ಆ ನಾಯಿ ತ್ಯಾಂಪಣ್ಣನನ್ನು ಕಂಡರೆ ಬೊಗಳುವುದೇ ಹೊರತು ಬಾಲ ಆಡಿಸಿದ್ದಿಲ್ಲ.

ಬಾಗಿಲ ಹಿಂದೆ ಬಾಳೆ ಎಲೆ ಸಣ್ಣಗೆ ಸರಕ್ಕೆಂದಿತು. ಆಮೇಲೆ ಲೋಟ ನೆಲಕ್ಕೆ ತಾಗಿದ ಸದ್ದು. ತ್ಯಾಂಪಣ್ಣನ ತೋಳಿನ ರೋಮ ಎದ್ದು ನಿಂತಿತು. ಎಷ್ಟು ಮನೆಗಳಲ್ಲಿ ಎಷ್ಟು ಬಾಗಿಲುಗಳ ಮುಂದೆ ನಿಂತವನು, ಒಳಗಿನಿಂದ ಸದ್ದು ಕೇಳಿದ್ದು ಮಾತ್ರ ಇದೇ ಮೊದಲು. ಎದ್ದು ಬಾಗಿಲ ಹತ್ತಿರ ಹೋದ. ಹೊತ್ತಾಗಿತ್ತು. ಕೆಮ್ಮಿದ. ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ಕೆಳಗೆ ಬಂತು.

“ಇನ್ನು ಸ್ವಲ್ಪ ಬಿಡಿ,” ಎಂದಳು ಸೀತು ಮೆಟ್ಟಿಲಿನಿಂದಲೇ, ಪಿಸುಮಾತಿನಲ್ಲಿ. “ಅವಳು ಉಣ್ಣುದು ನಿಧಾನ ಅಲ್ವಾ? ಸಾಲೆಗೆ ಹೋಗುವಾಗ್ಲೂ ಹಾಗೆಯೇ. ನೀವು ಜೀಪಿನ ಹಾರ್ನ್ ಒತ್ತಿ ಒತ್ತಿ ಎಬ್ಬಿಸ್ತಿದ್ರಿ. ಇವತ್ತೊಂದು ದಿನ ಹೊಟ್ಟೆ ತುಂಬ ಉಣ್ಲಿ.”

ತ್ಯಾಂಪಣ್ಣ ಬಂದು ಅವಳ ಪಕ್ಕ ಕೂತ. ಮಾತಾಡಬಾರದ ಹೊತ್ತು ಅದು, ಇಬ್ಬರೂ ಮತ್ತೆ ಮಾತಾಡಲಿಲ್ಲ. ಅಂಗಳದ ಬಿಸಿಲು ಕದಲಿ ಮೆಟ್ಟಿಲು ಹತ್ತಿತು, ಜಗಲಿಗೆ ಬಂತು, ಬಾಗಿಲ ಬುಡ ಮುಟ್ಟಿತು. ಒಳಗೆ ಎಲೆ ಆಗಾಗ ಸರಕ್ಕೆನ್ನುತ್ತಿತ್ತು. ಹೆದರಿಕೆ ಎಲ್ಲಿ ಹೋಯಿತೋ, ತ್ಯಾಂಪಣ್ಣನಿಗೆ ಆ ಸದ್ದು ನಿಲ್ಲದಿದ್ದರೆ ಸಾಕು ಎನ್ನಿಸಿತು. ಸಿನೆಮಾದ ಮುದುಕ ಯಾಕೆ ಕರೆಯಲಿಲ್ಲ ಎಂದು ಆಗ ತಿಳಿಯಿತು. ಆ ದಿನ ಸಭೆಯಲ್ಲಿ ಅವನಿಗೆ ತಪ್ಪು ಹೇಳಿದ್ದೆನಲ್ಲ ಎಂದು ಬೇಸರವಾಯಿತು.

ಸದ್ದು ನಿಂತಿತು. ತುಂಬ ಹೊತ್ತು ಮತ್ತೆ ಕೇಳಲಿಲ್ಲ.

ಸೀತು ಗಂಡನ ಮೊಣಕೈ ಮುಟ್ಟಿದಳು. ಅವನು ಎದ್ದ. ಬಾಗಿಲ ಮುಂದೆ ನಿಂತು ಬಾಯಿ ತೆರೆದಾಗ ಮೊದಲು ಬಂದದ್ದು ‘ಪೂ’ ಎಂಬಷ್ಟೇ. ಅದನ್ನು ಅಲ್ಲೇ ನುಂಗಿದ. ಚಪ್ಪಾಳೆ ತಟ್ಟಿದ, ಮಲಗಿದ ಕೂಸಿನ ಹತ್ತಿರ ತಟ್ಟುವಷ್ಟು ಮೆಲ್ಲಗೆ.

“ಹಿರಿಯರೇ,” ಎಂದ. ಸುಳ್ಯ ಪೇಟೆಯನ್ನು ನಡುಗಿಸುತ್ತಿದ್ದ ಗಂಟಲು ಜಗಲಿ ದಾಟಲಿಲ್ಲ. “ಹಿರಿಯರೇ, ಉಂಡಾಯ್ತಾ?”

ಉತ್ತರಕ್ಕೆ ಕಾಯಲಿಲ್ಲ. ಬಾಗಿಲು ತೆಗೆದು, ಒಂದು ಬದಿಗೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತ. ಮೆಟ್ಟಿಲ ಮೇಲೆ ಕೂತಿದ್ದ ಸೀತು ಕಾಲು ಮಡಚಿಕೊಂಡು ದಾರಿ ಕೊಟ್ಟಳು.